ಏಳನೇ ಮಂಚದ ಬಿಸಿ

ಗಬ್ಬೂರು
ಶನಿವಾರ, ದೀಪ ಹಚ್ಚುವ ಹೊತ್ತು

ನನ್ನ ಕೂಸು ಉಮಾದೇವಿಗೆ,

ಪ್ರತಿ ವಾರ ಪತ್ರವನ್ನು ರೊಟ್ಟಿಗಳ ನಡುವೆ ಇಟ್ಟು ಗಂಟು ಕಟ್ಟುತ್ತಿದ್ದೆ. ನೀನು ಮೊದಲು ಎರಡು ರೊಟ್ಟಿ ತಿಂದು, ಕೈ ತೊಳೆದುಕೊಂಡು, ಆಮೇಲೆ ಓದುತ್ತಿ ಎಂದು ನೀನೇ ಒಮ್ಮೆ ಹೇಳಿದ್ದಿ. ಈ ವಾರ ಗಂಟಿನ ಮೇಲೆಯೇ ದಾರ ಸುತ್ತಿ ಕಟ್ಟಿದ್ದೇನೆ. ಮೊದಲು ಇದನ್ನು ಓದು. ನಾಳೆ ಬೆಳಗಿನ ಬಸ್ಸಿಗೆ ಕಂಡಕ್ಟರ್ ಹಾಲೇಶನ ಕೈಗೆ ಕೊಡುತ್ತೇನೆ. 'ಎಲ್ಲಾರ ಕೈಯಾಗ ಫೋನ್ ಬಂದಾವು, ನೀನೊಬ್ಬಾಕಿ ಇನ್ನಾ ಚೀಟಿ ಬರಕೋತ ಕುಂತಿ ನೋಡು ಯವ್ವಾ' ಎಂದು ಅವನು ಪ್ರತಿ ವಾರ ಚಾಷ್ಟಿ ಮಾಡುತ್ತಾನೆ. ಮಾಡಲಿ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ನಿನ್ನ ದನಿ ಕೇಳಿದರೆ ನನ್ನ ಬಾಯಿ ಕಟ್ಟುತ್ತದೆ.

ಒಂದು ಮಾತು ಎಲ್ಲಕ್ಕಿಂತ ಮೊದಲು ಬರೆಯುತ್ತೇನೆ. ಉಳಿದದ್ದನ್ನು ಓದದೆ ಹರಿದರೂ ಇದಿಷ್ಟು ನೆನಪಿಡು. ಸೋಮವಾರ ಆ ಅಂಕಿ ಇಳಿಸಬೇಡ. ನಿನ್ನ ಯಂತ್ರದಲ್ಲಿ ತಪ್ಪಿಲ್ಲ. ಏಳನೇ ಮಂಚದ ಮೇಲೆ ಅದಕ್ಕೆ ಕಂಡ ಬಿಸಿ ಖರೇ ಬಿಸಿ.

ಗುರುವಾರ ನೀನು ಫೋನು ಮಾಡಿದಾಗ, ಅಳುತ್ತಿಲ್ಲ ಎಂದು ಹೇಳುತ್ತಲೇ ಅಳುತ್ತಿದ್ದಿ. ಎರಡು ತಿಂಗಳಿಂದ ನಮ್ಮ ರಾಯಚೂರಿನ ಹೆರಿಗೆ ಆಸ್ಪತ್ರೆಯ ವಾರ್ಡಿನಲ್ಲಿ ನಿನ್ನ ಡ್ರೋನು ಪರೀಕ್ಷೆಗೆ ನಿಂತಿದೆ. ಹದಿನಾಲ್ಕು ಮಂಚಗಳಲ್ಲಿ ಹದಿಮೂರಕ್ಕೆ ತನ್ನ ನೇರಳೆ ಬೆಳಕು ಹಾಯಿಸಿ ಕ್ರಿಮಿ ಕೊಲ್ಲುತ್ತದೆ, ಏಳನೆಯದನ್ನು ಬಿಡುತ್ತದೆ. ನೀನು ಮಂಚಗಳ ಮೇಲೆ ಅಂಟಿಸುವ ಹಳದಿ ಚೀಟಿಗಳೆಲ್ಲ ಆ ಬೆಳಕಿಗೆ ಹಸಿರಾಗುತ್ತವೆ, ಏಳನೇ ಮಂಚದ ಚೀಟಿ ಮಾತ್ರ ಹಳದಿಯಾಗಿಯೇ ಉಳಿಯುತ್ತದೆ. ಅಲ್ಲಿ ಮನುಷ್ಯರ ಮೈಬಿಸಿ ಕಂಡಿತು, ದೀಪ ಆರಿಸಿ ಸರಿದುಹೋದೆ ಎಂದು ಯಂತ್ರ ಪ್ರತಿ ದಿನ ಬರೆದಿಡುತ್ತದಂತೆ. ಖಾಲಿ ವಾರ್ಡಿನಲ್ಲಿ ಮನುಷ್ಯರು ಎಲ್ಲಿಂದ ಬಂದರು? ಪಡುವಣ ಕಿಟಕಿಯಿಂದ ಬರುವ ನಮ್ಮೂರ ಬಿಸಿಲಿಗೆ ಮಂಚದ ಕಬ್ಬಿಣ ಕಾದು, ಯಂತ್ರ ಮೋಸ ಹೋಗುತ್ತಿದೆ ಎಂದು ನೀನು ಎಣಿಸಿದಿ. ಪರದೆ ಬದಲಿಸಿದಿ. ಗಾಜಿಗೆ ಕಾಗದ ಅಂಟಿಸಿದಿ. ಆದರೂ ಅದೇ ಹಣೆಬರಹ. ತಿಂಗಳ ಕೊನೆಯೊಳಗೆ ಇದು ಸರಿಯಾಗದಿದ್ದರೆ ಯಂತ್ರ ವಾಪಸು ಒಯ್ಯಿರಿ ಎಂದು ಆಸ್ಪತ್ರೆಯವರು ಹೇಳಿದ್ದಾರೆ. 'ಸೋಮವಾರ ಬಿಸಿ ಗುರುತಿಸೋ ಚುರುಕಿನ ಅಂಕಿ ಇಳಿಸಿಬಿಡ್ತೀನವ್ವಾ. ಅಷ್ಟು ಸಣ್ಣ ಬಿಸಿಗೆಲ್ಲ ಅದು ಅಂಜಬಾರದು' ಅಂದಿ.

ನೀನು ಫೋನು ಇಟ್ಟ ಮೇಲೆ ನಾನು ಒಲೆ ಮುಂದೆ ಸುಮ್ಮನೆ ಕೂತೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಹುಟ್ಟಿ ಒಂದು ದಿನವಾದ ಕೂಸು, ಅರಿವೆಯಲ್ಲಿ ಸುತ್ತಿದ ಕೂಸು, ಎಷ್ಟು ಬಿಸಿ ಇರುತ್ತದೆ ಎಂದು ನಿನಗೆ ಗೊತ್ತೇ? ಮೂವತ್ತು ವರ್ಷ ಅಂಥ ಕೂಸುಗಳನ್ನು ಎತ್ತಿದ ಕೈ ನನ್ನದು. ಬಹಳ ಸಣ್ಣ ಬಿಸಿ ಅದು, ಈಗಷ್ಟೇ ಇಳಿಸಿದ ರೊಟ್ಟಿಯಷ್ಟೂ ಇರುವುದಿಲ್ಲ. ನಾಳೆ ಯಾವಳೋ ದಣಿದ ಬಾಣಂತಿ ಕೂಸನ್ನು ಕಂಬಳಿಯೊಳಗೆ ಮರೆತು ಹೊರಗೆ ಹೋದರೆ, ಅಂಕಿ ಇಳಿಸಿದ ಯಂತ್ರ ಅದರ ಕಣ್ಣ ಮೇಲೆ ಬೆಳಕು ಹಾಯಿಸಿಬಿಟ್ಟರೆ? ನನ್ನ ಬಾಯಿಮಾತಿನಿಂದ ಒಂದು ಜೀವ ಹೋದದ್ದು ಸಾಕು ಮಗಳೇ. ಎರಡನೆಯದು ಬೇಡ.

ಮೂರು ವಾರದ ಹಿಂದೆ ನೀನೇ ನನ್ನನ್ನು ಕರೆದುಕೊಂಡು ಹೋಗಿ ನಿನ್ನ ಯಂತ್ರ ತೋರಿಸಿದಿ. ಕೆಲಸದಿಂದ ನಿವೃತ್ತಿಯಾದ ಮೇಲೆ ನಾನು ಆ ಮೆಟ್ಟಿಲು ಹತ್ತಿರಲಿಲ್ಲ. ಮಧ್ಯಾಹ್ನದ ಊಟವಾಗಿ ಬಾಣಂತಿಯರೆಲ್ಲ ಕೂಸುಗಳನ್ನು ಎತ್ತಿಕೊಂಡು ಹಿಂದಿನ ಪಡಸಾಲೆಗೆ ಹೋಗಿದ್ದರು. ಬಾಗಿಲ ಗಾಜಿನಿಂದ ನಾವಿಬ್ಬರೂ ಇಣುಕಿದೆವು. ಜೋಳ ಕೇರುವ ಮರದಷ್ಟು ಅಗಲ, ನಾಲ್ಕು ಮೂಲೆಗೆ ಜಾಳಿಗೆಯೊಳಗೆ ತಿರುಗುವ ಸಣ್ಣ ಸಣ್ಣ ಫ್ಯಾನು, ಹೊಟ್ಟೆಯಡಿ ದೀಪ. ಯಾರ ಕೈಯಲ್ಲೂ ಅದರ ಲಗಾಮು ಇರಲಿಲ್ಲ. ತಾನೇ ಎದ್ದಿತು, ತಾನೇ ಗೋಡೆ ಬಾಗಿಲು ನೋಡಿಕೊಂಡಿತು, ಒಂದನೇ ಮಂಚದ ತಲೆಯ ಕಡೆಯಿಂದ ಶುರು ಮಾಡಿ ಕಾಲಿನ ಕಡೆಗೆ ಬಂದಿತು. ನಾನೂ ತಲೆಯ ಕಡೆಯಿಂದಲೇ ಒರೆಸುತ್ತಿದ್ದೆ. ಇದಕ್ಕೆ ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. 'ನೀನ ಕಲಿಸಿದಿ. ಸಣ್ಣಾಕಿದ್ದಾಗ ನಿನ್ನ ಸೆರಗು ಹಿಡಕೊಂಡು ಅಡ್ಡಾಡಿ ನೋಡಿಲ್ಲೇನು?' ಅಂದಿ. ನನಗೆ ಎಷ್ಟು ಹಿಗ್ಗಾಯಿತೆಂದರೆ, ಕಣ್ಣಿಗೆ ಸೆರಗು ಹಚ್ಚಿಕೊಂಡೆ.

ಯಂತ್ರ ಆರನೇ ಮಂಚ ಮುಗಿಸಿತು. ಏಳನೆಯದರ ಹತ್ತಿರ ಬಂದು ನಿಂತಿತು. ದೀಪ ಆರಿತು. ಸುತ್ತುಹಾಕಿ ಎಂಟನೆಯದಕ್ಕೆ ಹೋಯಿತು. ನೀನು ಕೈಯಲ್ಲಿದ್ದ ಕಂಪ್ಯೂಟರ್ ಹಲಗೆಯ ಕಡೆ ನೋಡಿದಿ. ನಾನು ಬಾಗಿಲ ಪಕ್ಕದ ಮೊಳೆಯ ಕಡೆ ನೋಡಿದೆ.

ಆ ಮೊಳೆಗೆ ಬಿಸಿನೀರು ತುಂಬುವ ರಬ್ಬರ್ ಚೀಲ ತೂಗುಹಾಕುತ್ತಾರೆ, ಬಾಣಂತಿಯರ ಸೊಂಟಕ್ಕೆ ಶಾಖ ಕೊಡಲು. ವಾರ್ಡಿನಲ್ಲಿ ಯಾರೂ ಇಲ್ಲದಾಗ ಅದು ಮೊಳೆಯ ಮೇಲಿರಬೇಕು. ಆವತ್ತು ವಾರ್ಡೂ ಖಾಲಿ, ಮೊಳೆಯೂ ಖಾಲಿ. ಏಳನೇ ಮಂಚದ ಮೇಲೆ ಮಡಚಿಟ್ಟ ಕಂಬಳಿ ಉಳಿದ ಮಂಚಗಳ ಕಂಬಳಿಗಿಂತ ತುಸು ಎತ್ತರವಾಗಿತ್ತು. ನನ್ನ ನಂತರ ಆಯಾ ಆಗಿರುವ ಮಹಬೂಬೀ ಪಡಸಾಲೆಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ನನಗೆ ತಿಳಿಯಿತು ಎಂದು ಅವಳಿಗೂ ತಿಳಿಯಿತು. ಕಲಿಸಿದವರಿಂದ ಶಾಭಾಸ್ ಅನಿಸಿಕೊಳ್ಳಲು ಕಾದವಳಂತೆ ನಕ್ಕಳು.

ನೀನು ಅಲ್ಲೇ ಪಕ್ಕದಲ್ಲಿದ್ದಿ. ಹೇಳಬಹುದಿತ್ತು. ಆ ಚೀಲ ಅಲ್ಲಿ ಯಾಕೆ ಎಂದು ಹೇಳಿದರೆ, ಏಳನೇ ಮಂಚವನ್ನು ಯಾಕೆ ಯಾರೂ ಮುಟ್ಟಬಾರದು ಎಂದು ಹೇಳಬೇಕು. ಅದನ್ನು ಹೇಳಿದರೆ, ಆ ಮಾತು ಯಾರ ಬಾಯಿಂದ ಹುಟ್ಟಿತು ಎಂದು ಹೇಳಬೇಕು. ಅಲ್ಲಿಂದ ನಿನ್ನನ್ನು ಹೆತ್ತ ತಾಯಿಯ ತನಕ ಒಂದೇ ದಾರಿ, ನಡುವೆ ಹೊರಳುವ ಹಾದಿ ಇಲ್ಲ. ಅದಕ್ಕೇ ಮೂರು ವಾರ ಬಾಯಿ ಮುಚ್ಚಿಕೊಂಡೆ. ನೀನು ಅಲ್ಲಿ ನಿದ್ದೆ ಬಿಟ್ಟು ಯಂತ್ರದಲ್ಲಿ ತಪ್ಪು ಹುಡುಕುತ್ತಿದ್ದಿ.

ಈಗ ಆ ದಾರಿಯಲ್ಲಿ ನಿನ್ನನ್ನು ಕರೆದುಕೊಂಡು ಹೋಗುತ್ತೇನೆ.

ನಾನು ಆಸ್ಪತ್ರೆ ಸೇರಿದಾಗ ನನಗೆ ಇಪ್ಪತ್ತೆರಡು ವರ್ಷ. ಗಂಡ ಬಿಟ್ಟುಹೋಗಿದ್ದ, ಮಕ್ಕಳಾಗಿರಲಿಲ್ಲ, ಅಕ್ಷರ ಬರುತ್ತಿರಲಿಲ್ಲ. ನೆಲ ಒರೆಸುವುದು, ರಕ್ತದ ಅರಿವೆ ಒಗೆಯುವುದು, ಮಂಚಕ್ಕೆ ಫಿನೈಲ್ ನೀರು ಹಚ್ಚುವುದು ನನ್ನ ಕೆಲಸ. ನಾನು ಯಾವ ಕೇರಿಯವಳೆಂದು ವಾರ್ಡಿಗೆಲ್ಲ ಗೊತ್ತಿತ್ತು. ಕುಡಿಯುವ ನೀರಿನ ಗಡಿಗೆಯ ಹತ್ತಿರ ಹೋದರೆ ಮುಖ ತಿರುವುವವರು ಇದ್ದರು. 'ಏ ಇಕೀ, ಇಲ್ಲೊಂದೀಟು ಒರಸು ಬಾ' ಎನ್ನುತ್ತಿದ್ದರು. ಅದೇ ನನ್ನ ಹೆಸರಾಗಿತ್ತು.

ಸಿರವಾರದ ವ್ಯಾಪಾರಸ್ಥರ ಮನೆಯ ಒಬ್ಬ ಸೊಸೆ ಬಂದಿದ್ದಳು. ಮೊದಲಿನ ಮೂರು ಕೂಸು ಉಳಿದಿರಲಿಲ್ಲ. ನಾಲ್ಕನೆಯದು ಏಳನೇ ಮಂಚದ ಮೇಲೆ ಹುಟ್ಟಿ, ವಾರ್ಡು ಅದುರುವಂತೆ ಅತ್ತಿತು. ಆಕೆಯ ಅತ್ತೆ ಸಂತೋಷದಲ್ಲಿ ಕಂಡ ಕಂಡವರ ಕೈ ಹಿಡಿಯುತ್ತಿದ್ದಳು. ಅವಳನ್ನು ಇನ್ನಷ್ಟು ಹಿಗ್ಗಿಸಲೆಂದು ನಾನು ಒಂದು ಮಾತು ಒಗೆದೆ. 'ಅದು ಏಳನೇ ಮಂಚದ ಗುಣ ರೀ ಯವ್ವಾ. ಇದರ ಮ್ಯಾಲೆ ಮಲಗಿದಾಕಿ ಬರೇ ಉಡಿಲೆ ಮನಿಗೆ ಹೋಗಿಲ್ಲ.' ಬಾಯಿಗೆ ಬಂದದ್ದು ಅಂದೆ. ಅದಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಆ ಮುದುಕಿ ಒಂದು ಕುಪ್ಪಸದ ಖಣ ತಂದು ನನಗೆ ಕೊಟ್ಟಳು. ಮೇಲಿನಿಂದ ಬಿಡಲಿಲ್ಲ ಉಮಾ, ನನ್ನ ಅಂಗೈಯಲ್ಲಿ ಇಟ್ಟು, ತನ್ನ ಕೈ ಹಾಗೇ ಒತ್ತಿ ಹಿಡಿದಳು.

ಆ ಮಾತು ಸಿರವಾರದಿಂದ ಮಾನ್ವಿಗೆ ಹೋಯಿತು, ದೇವದುರ್ಗಕ್ಕೆ ಹೋಯಿತು. ಬಂದವರೆಲ್ಲ ಮೊದಲು ನನ್ನನ್ನು ಹುಡುಕತೊಡಗಿದರು. 'ಗೋಪಮ್ಮ ಅಕ್ಕಾರ, ನಮ್ಮ ಹುಡುಗಿಗೆ ಏಳನೇದು ಕೊಡಸ್ರಿ.' ಅಕ್ಕಾರ ಅಂದರು. ದೊಡ್ಡ ಡಾಕ್ಟರಮ್ಮನ ಕೈಯಲ್ಲೂ ಇಲ್ಲದ ಒಂದು ಅಧಿಕಾರ ಈ ಒರೆಸುವವಳ ಕೈಗೆ ಬಂತು. ಫಿನೈಲ್ ಹಚ್ಚಿ ತೊಳೆದರೆ ಮಂಚದ ಗುಣ ತೊಳೆದುಹೋಗುತ್ತದೆ ಎಂದು ಮೊದಲು ಯಾರು ಹೇಳಿದರೋ ನೆನಪಿಲ್ಲ. ನಾನಲ್ಲ ಎಂದು ಬರೆಯಬಹುದು. ಹೌದೆಂದು ತಲೆಯಾಡಿಸಿದವಳು ಮಾತ್ರ ನಾನೇ. ಚಾದರ ಬದಲಿಸುತ್ತಿದ್ದೆ, ಗಾದಿಯನ್ನೂ ಸರಳುಗಳನ್ನೂ ಮುಟ್ಟುತ್ತಿರಲಿಲ್ಲ. ಡಾಕ್ಟರಮ್ಮ ಬರುವ ಹೊತ್ತಿಗೆ ಸರಿಯಾಗಿ ಒದ್ದೆ ಅರಿವೆಯನ್ನು ಏಳನೇ ಮಂಚದ ಸರಳಿನ ಮೇಲೆ ಹಾಕಿ, ಈಗ ಒರೆಸಿ ಮುಗಿಸಿದವಳಂತೆ ನಿಲ್ಲುತ್ತಿದ್ದೆ. ನಿನ್ನ ಯಂತ್ರಕ್ಕೆ ಬಿಸಿನೀರಿನ ಚೀಲ ತೋರಿಸಿದ ಮಹಬೂಬೀಯ ಜಾಣತನ ಎಲ್ಲಿಂದ ಬಂತು ಅಂದುಕೊಂಡಿ?

ನಿನ್ನ ತಾಯಿ, ನನ್ನ ತಂಗಿ ಮೌನೇಶ್ವರಿ, ನನಗಿಂತ ಏಳು ವರ್ಷ ಸಣ್ಣವಳು. ಹಿರೇಕೊಟ್ನೆಕಲ್ಲಿಗೆ ಕೊಟ್ಟಿದ್ದೆವು. ನಾಟಿ ಗದ್ದೆಯಲ್ಲಿ ಎಲ್ಲರ ಮೇಲೂ ಹಾಡು ಕಟ್ಟಿ ನಗಿಸುವವಳು, ಮಾಲಕನ ಮೇಲೂ ಕಟ್ಟಿದ್ದಳಂತೆ. ತುಂಬು ದಿನವಾದಾಗ ನಿಮ್ಮಪ್ಪ ರಾಮಣ್ಣ ಬಸ್ಸಿನಲ್ಲಿ ಕರೆದುಕೊಂಡು ಬಂದ. 'ನಿನ್ನ ಏಳನೇ ಮಂಚ ತೆಗೆದು ಇಟ್ಟಿಯಿಲ್ಲೋ ಅಕ್ಕಾ?' ಎಂದು ಮೆಟ್ಟಿಲ ಮೇಲೆಯೇ ಕೇಳಿದಳು.

ತೆಗೆದು ಇಟ್ಟಿದ್ದೆ. ಹಿಂದಿನ ದಿನದವರೆಗೆ ಅದರ ಮೇಲೆ ಒಬ್ಬ ಬಾಣಂತಿ ಇದ್ದಳು. ಜ್ವರ ಬಂದಿತ್ತು, ಬೆಳಿಗ್ಗೆ ಬೇರೆ ಕೋಣೆಗೆ ಸಾಗಿಸಿದ್ದರು. ಜ್ವರ ಬಂದಿತ್ತು ಎಂದು ನನಗೆ ಗೊತ್ತಿತ್ತು ಉಮಾ. ಗೊತ್ತಿರಲಿಲ್ಲ ಎಂದು ಬರೆಯಲು ಎರಡು ಸಲ ಪೆನ್ನು ಎತ್ತಿದೆ, ಆಗಲಿಲ್ಲ. ಫಿನೈಲ್ ನೀರಿನ ಬಕೆಟ್ಟು ನನ್ನ ಕಾಲ ಬಳಿ ಇತ್ತು, ಅರಿವೆ ಕೈಯಲ್ಲಿತ್ತು. ಆರನೆಯದನ್ನು ಒರೆಸಿದೆ. ಏಳನೆಯದರ ಮುಂದೆ ನಿಂತೆ. ಊರವರ ಸೊಸೆಯಂದಿರಿಗೆಲ್ಲ ಕೊಟ್ಟ ಗುಣವನ್ನು ನನ್ನ ತಂಗಿಗೆ ಕೊಡುವ ದಿನವೇ ತೊಳೆದು ಚೆಲ್ಲಲೇ ಅನಿಸಿತು. ಮೊದಮೊದಲು ಬಾಯಿಮಾತಿಗೆ ಹೇಳಿದ್ದನ್ನು ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ. ಬಕೆಟ್ಟು ಎತ್ತಿಕೊಂಡು ಎಂಟನೆಯದಕ್ಕೆ ಹೋದೆ.

ಮೌನಿ ಬಾಗಿಲಲ್ಲಿ ಬೆನ್ನು ಹಿಡಿದುಕೊಂಡು ನಿಂತು ಎಲ್ಲ ನೋಡುತ್ತಿದ್ದಳು. 'ಏಳನೇದು ಒರಸಲಿಲ್ಲ ನೋಡು ನೀನು. ನನ್ನ ಸಲುವಾಗಿ, ಹೌದಿಲ್ಲೋ?' ಅಂದಳು. ಆ ನೋವಿನಲ್ಲೂ ಮುಖದ ತುಂಬ ನಗು. ನಾನೂ ನಕ್ಕೆ.

ಮರುದಿನ ನಸುಕಿಗೆ ನೀನು ಹುಟ್ಟಿದಿ. ಮೊದಲು ಎತ್ತಿಕೊಂಡವಳು ನಾನು. ಮೂರನೇ ದಿನ ಅವಳಿಗೆ ಚಳಿ ಶುರುವಾಯಿತು. ಅಕ್ಕಾ ಹೊದಿಸು, ಇನ್ನೊಂದು ಹೊದಿಸು ಎನ್ನುತ್ತಿದ್ದಳು. ಮೊಳೆಯ ಮೇಲಿನ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಅವಳ ಮಗ್ಗುಲಿಗೆ ಇಟ್ಟೆ. ಆಮೇಲೆ ಅವಳ ಮೈ ಆ ಚೀಲಕ್ಕಿಂತ ಹೆಚ್ಚು ಸುಡತೊಡಗಿತು. ಒಂಬತ್ತನೇ ದಿನ ಹೋದಳು. ಮೈಗೆಲ್ಲ ನಂಜು ಏರಿತು ಎಂದರು ಡಾಕ್ಟರಮ್ಮ. ಆಮೇಲೆ ನನ್ನ ಮುಖ ನೋಡಿ, 'ಗೋಪಮ್ಮ, ಆ ಮಂಚ ಒರೆಸಿದ್ದೆ ತಾನೆ?' ಎಂದು ಕೇಳಿದರು.

'ಒರಸೀನ್ರಿ' ಅಂದೆ.

ಅವರು ನಂಬಿದರು. ನನ್ನ ಬೆನ್ನ ಮೇಲೆ ಕೈ ಇಟ್ಟು ಸಮಾಧಾನ ಹೇಳಿದರು. ನಿಮ್ಮಪ್ಪನೂ ನಂಬಿದ. ನಿನ್ನನ್ನು ತಂದು ನನ್ನ ಮಡಿಲಲ್ಲಿ ಹಾಕಿ, 'ನಿಮ್ಮ ಕೈಯಾಗ ಇರಲಿ ಅಕ್ಕಾ. ಆಕಿ ಎಲ್ಲಾರಕಿಂತ ಹೆಚ್ಚು ನಂಬಿದ್ದು ನಿಮ್ಮನ್ನ' ಎಂದ. ಇದೆಲ್ಲಕ್ಕಿಂತ ಕೆಟ್ಟದ್ದೆಂದರೆ ಮಂದಿ ಆಡಿದ ಮಾತು. ತಾಯಿ ಹೋದರೂ ಕೂಸು ಉಳಿಯಿತಲ್ಲ, ಅದು ಏಳನೇ ಮಂಚದ ಗುಣ ಎಂದರು. ನಿನ್ನನ್ನು ತೋರಿಸಿ ತೋರಿಸಿ ಅಂದರು. ನಾನು ಎದ್ದು ನಿಂತು ಸುಳ್ಳು ಎನ್ನಬೇಕಿತ್ತು. ಅಂದರೆ, ಯಾಕೆ ಎಂದು ಕೇಳುತ್ತಿದ್ದರು. ಅಂದಿನಿಂದ ನಿವೃತ್ತಿಯಾಗುವ ತನಕ ಆ ಮಂಚವನ್ನು ಯಾರಿಗೂ ಕಾಣದಂತೆ ದಿನಕ್ಕೆರಡು ಸಲ ಒರೆಸಿದೆ. ಹಿಂದೆ ಒರೆಸದೆ ಒರೆಸಿದಂತೆ ತೋರಿಸುತ್ತಿದ್ದವಳು, ಆಮೇಲೆ ಒರೆಸಿಯೂ ಒರೆಸದಂತೆ ನಟಿಸಿದೆ. ಆ ನಂಬಿಕೆಯನ್ನು ಹೊಸದಾಗಿ ಬಂದ ಮಹಬೂಬೀ ನನ್ನಿಂದಲೇ ಕಲಿತಳು. ಗುಟ್ಟಾಗಿ ಒರೆಸುವುದನ್ನು ಮಾತ್ರ ಅವಳು ನೋಡಲಿಲ್ಲ.

ನನಗೆ ಓದು ಹೇಗೆ ಬಂತು ಎಂದು ನೀನು ಸಣ್ಣವಳಿದ್ದಾಗ ಬಹಳ ಸಲ ಕೇಳಿದ್ದಿ. ಮಂಚದ ತಲೆಗೆ ತೂಗುಹಾಕಿದ ಕಾಗದಗಳನ್ನು ನೋಡಿ ನೋಡಿ ಕಲಿತೆ, ಮೊದಲು ಓದಿದ ಮಾತು ನಮ್ಮೂರ ಹೆಸರು ಎಂದು ಹೇಳುತ್ತಿದ್ದೆ. ಅದು ಖರೆ. ಯಾಕೆ ಕಲಿತೆ ಎಂದು ಹೇಳಿರಲಿಲ್ಲ. ನಿನ್ನ ತಾಯಿಯ ಕಾಗದದಲ್ಲಿ ಡಾಕ್ಟರಮ್ಮ ಮಂಚದ ವಿಷಯ ಏನಾದರೂ ಬರೆದಿದ್ದಾರೆಯೇ ಎಂದು ನನಗೆ ತಿಳಿಯಬೇಕಿತ್ತು. ಎರಡು ವರ್ಷ ಹಿಡಿಯಿತು. ಕೊನೆಗೆ ಕಡತಗಳ ಕೋಣೆ ಗುಡಿಸುವ ದಿನ ಆ ಕಾಗದ ಸಿಕ್ಕಿತು. ಅದರಲ್ಲಿದ್ದದ್ದೆಲ್ಲ ಇಂಗ್ಲಿಷು.

ಆ ಮಂಚದಿಂದಲೇ ಅವಳು ಹೋದಳು ಎಂದು ನನಗೆ ರುಜುವಾತಿಲ್ಲ. ನಂಜು ಬೇರೆ ಕಡೆಯಿಂದಲೂ ಬರಬಹುದು ಎಂದು ನೀನೇ ಹೇಳುತ್ತಿ. ಇರಬಹುದು. ಆ ಇರಬಹುದು ಎಂಬ ಮಾತಿನ ಆಸರೆಯಲ್ಲೇ ಇಷ್ಟು ವರ್ಷ ಬದುಕಿದೆ. ಆದರೆ ಅರಿವೆ ನನ್ನ ಕೈಯಲ್ಲಿತ್ತು, ನಾನು ಒರೆಸಲಿಲ್ಲ. ಇಷ್ಟಕ್ಕೆ ರುಜುವಾತು ಬೇಕಿಲ್ಲ.

ಹತ್ತನೇ ಇಯತ್ತೆಯಲ್ಲಿದ್ದಾಗ ನೀನು ಬಾಬಾಸಾಹೇಬರ ಫೋಟೊದ ಕೆಳಗೆ ಕೂತು ಓದುತ್ತಿದ್ದವಳು ತಲೆ ಎತ್ತಿ, ನಮ್ಮವ್ವ ಸತ್ತದ್ದು ಯಾರ ತಪ್ಪಿನಿಂದಲೂ ಅಲ್ಲ, ಕಣ್ಣಿಗೆ ಕಾಣದ್ದರಿಂದ, ಅದನ್ನು ಕೊಲ್ಲುವ ಕೆಲಸ ಕಲಿಯುತ್ತೇನೆ ಎಂದು ಹೇಳಿದ್ದಿ. ಆವತ್ತು ಹೇಳಿದ್ದರೆ ನಿನ್ನ ಓದು ಕೆಡುತ್ತಿತ್ತು ಎಂದುಕೊಂಡೆ. ಕೆಲಸ ಸಿಗಲಿ ಎಂದುಕೊಂಡೆ. ಹೀಗೆ ಮುಂದೂಡಲು ಪ್ರತಿ ವರ್ಷ ಒಂದೊಂದು ನೆಪ ಸಿಕ್ಕಿತು. ಈಗ ನಿನ್ನ ವರದಿಯ ಮೊದಲ ಪುಟದಲ್ಲಿ 'ಮೂವತ್ತು ವರ್ಷ ಈ ವಾರ್ಡನ್ನು ಚೊಕ್ಕಟವಾಗಿ ಇಟ್ಟ ನನ್ನ ಅವ್ವನಿಗೆ' ಎಂದು ಅಚ್ಚು ಹಾಕಿಸಿದ್ದಿ. ತೋರಿಸಿದಾಗ ನಾನು ಕನ್ನಡಕ ತಂದಿಲ್ಲ ಎಂದೆ. ಕನ್ನಡಕ ಸೊಂಟದಲ್ಲೇ ಇತ್ತು.

ಇವತ್ತು ಬೆಳಗಿನ ಬಸ್ಸಿಗೆ ರಾಯಚೂರಿಗೆ ಹೋಗಿದ್ದೆ, ನಿನಗೆ ತಿಳಿಸದೆ. ನಿನಗೆ ರಜೆ ಎಂದು ಗೊತ್ತಿತ್ತು. ಮಹಬೂಬೀ ಚಹಾ ತರಿಸಿದಳು. ಚೀಲದ ಮಾತು ತೆಗೆದಾಗ ಅವಳಿಗೆ ಅಂಜಿಕೆಯೇ ಇರಲಿಲ್ಲ.

'ನಾ ಏನ್ ಹೊಸಾದು ಮಾಡೀನಿ ಆಪಾ? ನೀವ ಕಲಿಸಿದ್ದಲ್ಲ. ಆ ದುಂಬಿ ಬೆಳಕು ಬಿಟ್ರ ಮಂಚದ ಬರಕತ್ ಸುಟ್ಟು ಹೋಗ್ತದ. ನಿಮ್ಮ ಉಮಾ ಅದರ ಮ್ಯಾಲೇ ಹುಟ್ಟಿ ಇಂಜಿನಿಯರ್ ಆಗಿಲ್ಲೇನು? ಆಕೀಗೇ ಗೊತ್ತಿಲ್ಲ ನೋಡ್ರಿ, ಪಾಪ.'

ನಿನ್ನ ಯಂತ್ರವನ್ನು ಅವಳು ದುಂಬಿ ಎನ್ನುತ್ತಾಳೆ. ನಾನು ಅವಳ ಎರಡೂ ಕೈ ಹಿಡಿದುಕೊಂಡು, ನಿನಗೆ ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ಆ ಮಾತು ಮೊದಲ ಸಲ ನನ್ನ ಬಾಯಿಂದ ಹೊರಬಿತ್ತು. ಬಹಳ ಸಣ್ಣ ಮಾತು, ಚಹಾ ಆರುವಷ್ಟರಲ್ಲಿ ಮುಗಿಯಿತು. ಮಹಬೂಬೀ ತನ್ನ ಕೈಗಳನ್ನು ನಿಧಾನವಾಗಿ ಬಿಡಿಸಿಕೊಂಡಳು. ಒಳಗೆ ಹೋಗಿ ರಬ್ಬರ್ ಚೀಲ ತಂದು, ನೀರು ಚೆಲ್ಲಿ, ಮೊಳೆಗೆ ಹಾಕಿದಳು. ಏಳನೇ ಮಂಚದ ಮೇಲೆ ದೇವದುರ್ಗದ ಕಡೆಯ ಒಬ್ಬ ಹುಡುಗಿ ಇದ್ದಳು. ಅವಳನ್ನು ಹನ್ನೊಂದನೇ ಮಂಚಕ್ಕೆ ಸಾಗಿಸಿ ಮಹಬೂಬೀಯೇ ಬಕೆಟ್ಟು ತಂದಳು.

ಇಬ್ಬರೂ ಗಾದಿ ಎತ್ತಿ ಬಿಸಿಲಿಗೆ ಹಾಕಿದೆವು. ಮಂಚವನ್ನು ಬೋರಲು ಹಾಕಿದಾಗ ಸರಳುಗಳ ಕೆಳಗೆ ದಾರದ ಗಂಟುಗಳು ಕಂಡವು. ಹಸಿರು ದಾರ, ಅರಿಶಿನ ದಾರ, ಕಪ್ಪು ದಾರ, ಒಂದರ ಮೇಲೊಂದು ಎಣ್ಣೆ ಜಿಡ್ಡು ಹಿಡಿದು ಕಲ್ಲಾಗಿದ್ದವು. ಎಷ್ಟು ಹೆಂಗಸರು ಕಟ್ಟಿಹೋಗಿದ್ದರೋ. ಬ್ಲೇಡಿನಿಂದ ಒಂದೊಂದೇ ಬಿಡಿಸಿದೆ, ಒಂದು ಮುಷ್ಟಿ ತುಂಬಿತು. ಆ ನಂಬಿಕೆಯನ್ನು ನೋಡಿ ನಗಲು ನನಗೆ ಬಾಯಿಲ್ಲ. ಅವರಿಗೆ ಬೇಕಾಗಿದ್ದದ್ದು ಜೀವಂತ ಕೂಸು, ನಾನು ಕೊಟ್ಟದ್ದು ಕೊಳಕು ಮಂಚ. ನಾಳೆ ಯಾರಾದರೂ ಕೇಳಿದರೆ ಏನು ಹೇಳಲಿ ಎಂದಳು ಮಹಬೂಬೀ. ಗೋಪಮ್ಮನ ತಂಗಿ ಮೌನೇಶ್ವರಿ ಇದರ ಮೇಲೆಯೇ ಸತ್ತಳು ಎಂದು ಹೇಳು ಎಂದೆ. ಆಮೇಲೆ ತಲೆಯ ಕಡೆಯಿಂದ ಶುರು ಮಾಡಿ ಕಾಲಿನ ತನಕ ಒರೆಸಿದೆ, ಎಲ್ಲರೂ ನೋಡುವಂತೆ.

ಸೋಮವಾರ ಅಂಕಿ ಮುಟ್ಟದೆ ಯಂತ್ರ ಬಿಡು. ಚೀಟಿ ಹಸಿರಾಗುತ್ತದೆ. ನಿನ್ನ ಯಂತ್ರಕ್ಕೆ ಒಳ್ಳೆಯ ಮಂಚ ಯಾವುದು, ಕೆಟ್ಟ ಮಂಚ ಯಾವುದು ಗೊತ್ತಿಲ್ಲ, ತನ್ನ ತಂಗಿ ಯಾರು, ಸಿರವಾರದ ಸೊಸೆ ಯಾರು ಗೊತ್ತಿಲ್ಲ. ಅದು ಹಾಗೇ ಇರಲಿ. ಇಂಥದ್ದೊಂದು ಆಗ ಇದ್ದಿದ್ದರೆ ಎಂದು ನಾನು ಎಷ್ಟು ಸಲ ನೆನೆದಿರಬೇಡ! ಇನ್ನೊಂದು ಮಾತು, ಇದು ಒರೆಸುವವಳಿಗೆ ಮಾತ್ರ ಗೊತ್ತಿರುವುದು. ನಿನ್ನ ಬೆಳಕು ಮೇಲಿನಿಂದ ಬೀಳುತ್ತದೆ. ನೋವು ಏರಿದಾಗ ಹೆಂಗಸರು ಸರಳನ್ನು ಕೆಳಗಿನಿಂದ ಹಿಡಿಯುತ್ತಾರೆ, ಬೆವರಿನ ಕೈ ಜಾರಬಾರದೆಂದು. ದಾರಗಳಿದ್ದದ್ದೂ ಅಲ್ಲೇ. ಆ ಜಾಗಕ್ಕೆ ನಿನ್ನ ಚೀಟಿ ಅಂಟಿಸಿ ನೋಡು, ಹಳದಿಯಾಗಿಯೇ ಉಳಿದೀತು. ಯಂತ್ರ ತನ್ನ ಸುತ್ತು ಮುಗಿಸಿದ ಮೇಲೂ ಅಲ್ಲಿಗೆ ಮಹಬೂಬೀ ಒಂದು ಅರಿವೆ ಹಿಡಿದು ಹೋಗಲಿ.

ಅವಳ ಹೆಸರು ವರದಿಯಲ್ಲಿ ಬರೆಯಬೇಡ, ಅವಳ ಕೆಲಸ ಹೋಗಬಾರದು. ಅವಳಿಗೆ ಕಲಿಸಿದವಳ ಹೆಸರು ಬರೆ. ಮೊದಲ ಪುಟದಿಂದ ನನ್ನನ್ನು ತೆಗೆದು, ಏಳನೇ ಮಂಚ ಯಾಕೆ ಉಳಿಯಿತು ಎಂದು ಹೇಳುವ ಪುಟದಲ್ಲಿ ಹಾಕು. ಮೊದಲ ಪುಟದಲ್ಲಿ ಮೌನೇಶ್ವರಿ ಎಂದು ಅಚ್ಚು ಹಾಕಿಸು. ಅವಳ ಹೆಸರು ಈ ತನಕ ಎಲ್ಲಿಯೂ ಅಚ್ಚಾಗಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕ್ಷಮಿಸಬೇಕಾದವಳು ನನ್ನನ್ನು ನಂಬಿಯೇ ಹೋದಳು. ನೀನು ಜ್ವರ ಬಂದಾಗಲೆಲ್ಲ ನನ್ನನ್ನು ಅವ್ವಾ ಎಂದು ಕರೆದಿ, ಪ್ರತಿ ಸಲವೂ ನಾನು ಓ ಎಂದೆ. ಆ ಓ ಎನ್ನುವಾಗ ಮಾತ್ರ ನನ್ನಲ್ಲಿ ಸುಳ್ಳಿರಲಿಲ್ಲ. ಅದೊಂದನ್ನು ನಂಬು.

ಗಂಟಿನಲ್ಲಿ ಹನ್ನೆರಡು ರೊಟ್ಟಿ ಇವೆ, ಶೇಂಗಾ ಹಿಂಡಿ ಇದೆ, ನಿನಗೆ ಸೇರುವ ಪುಂಡಿಪಲ್ಲೆ ಬೇರೆ ಡಬ್ಬಿಯಲ್ಲಿದೆ. ಪ್ರತಿ ವಾರ ನೀನು ಗಂಟಿನ ಅರಿವೆಯನ್ನು ಒಗೆದು ಮಡಚಿ ಸೋಮವಾರ ಸಂಜೆಯ ಬಸ್ಸಿಗೆ ಹಾಲೇಶನ ಕೈಯಲ್ಲಿ ಕಳಿಸುತ್ತಿ. ಈ ಸೋಮವಾರ ಅರಿವೆ ಬರದಿದ್ದರೆ ನನಗೆ ತಿಳಿಯುತ್ತದೆ, ನೀನು ಏನೂ ಬರೆಯಬೇಕಿಲ್ಲ. ಆದರೂ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತೇನೆ. ಮುಂದಿನ ಸೋಮವಾರವೂ ನಿಲ್ಲುತ್ತೇನೆ. ಹಾಲೇಶ ಬರಿಗೈ ತೋರಿಸಿದರೆ, ಇರಲಿ ಬಿಡಪ್ಪಾ ಎಂದು ಮನೆಗೆ ಬರುತ್ತೇನೆ. ನನ್ನ ಹತ್ತಿರ ಬೇರೆ ಅರಿವೆಗಳಿವೆ, ರೊಟ್ಟಿ ಬರುವುದು ನಿಲ್ಲುವುದಿಲ್ಲ.

ನಿನ್ನ ಕೈ ಮುಟ್ಟಿದ ಮಂಚಗಳ ಮೇಲೆ ಮಲಗಿದ ತಾಯಂದಿರೆಲ್ಲ ಎದ್ದು, ಕೂಸು ಎತ್ತಿಕೊಂಡು, ತಮ್ಮ ಕಾಲ ಮೇಲೆ ತಾವು ನಡೆದು ಮನೆಗೆ ಹೋಗಲಿ. ನೂರು ವರ್ಷ ಬಾಳು ನನ್ನ ಕೂಸೇ.

ನಿನ್ನ ತಾಯಿಯ ಅಕ್ಕ,
ಗೋಪಮ್ಮ